ನೇರಳೆ ಬೆಳಕಿನಲ್ಲಿ ಕಂಡ ಕಾಲು

ಈ ಸಲ ಮಳೆ ಹಿಡಿದ ಮೊದಲ ವಾರ ಶಾಲೆ ಮುಗಿಸಿ ವಡಾಲಾದಲ್ಲಿ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯ ಬಾಗಿಲ ಹತ್ತಿರ ನೆಲದ ಮೇಲೆ ಹೆಂಗಸೊಬ್ಬಳು ಒಂದು ಕಾಲು ಚಾಚಿ ಕೂತಿದ್ದಳು. ಪಾದಕ್ಕೆ ಬ್ಯಾಂಡೇಜು, ಅದರ ಮೇಲೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಚೀಲದ ಬಾಯಿಗೆ ರಬ್ಬರ್ ಬ್ಯಾಂಡು. ಒದ್ದೆ ಗಾಜ್ ಬಟ್ಟೆಯ ವಾಸನೆ, ಅಯೋಡಿನ್ ವಾಸನೆ, ಅದರಡಿಯಲ್ಲಿ ಕೊಳೆಯುವ ದ್ರಾಕ್ಷಿಯಂಥ ಒಂದು ಸಿಹಿ ವಾಸನೆ. ಉಳಿದವರು ಸೆರಗು, ದುಪಟ್ಟಾಗಳನ್ನು ಮೂಗಿಗೆ ಒತ್ತಿಕೊಂಡು ಒಳಕ್ಕೆ ಸರಿದರು. ನನಗೆ ಸರಿಯಲಿಕ್ಕೂ ಆಗಲಿಲ್ಲ. ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಚೆಂಬೂರಿನಲ್ಲಿ ನನಗೆ ಗೊತ್ತಿರುವ ಡ್ರೆಸ್ಸಿಂಗ್ ವಿಭಾಗ ಯಾವ ರಸ್ತೆಯಲ್ಲಿದೆ, ಅಲ್ಲಿ ಯಾರನ್ನು ಕೇಳಬೇಕು ಎಂದು ಹಿಂದಿಯಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು. ನಾನು ಚೆಂಬೂರಿನವರೆಗೆ ಹೋಗಬೇಕಾದವಳು ಕುರ್ಲಾದಲ್ಲೇ ಇಳಿದು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತೆ.

ನನ್ನ ಗಂಡನ ಕಾಲಿಗೆ ಗಾಯವಾದ ಆ ಮಳೆಗಾಲ ಮುಗಿದು ವರ್ಷಗಳಾದವು. ಆದರೂ ಅದು ಹೀಗೆ ಯಾವುದೋ ಡಬ್ಬಿಯ ಬಾಗಿಲಲ್ಲಿ ಕಾದು ಕೂತಿರುತ್ತದೆ.

ನನ್ನ ಗಂಡ ವಿಶ್ವನಾಥ, ಹೋಟೆಲಿನವರ ಬಾಯಲ್ಲಿ ವಿಶ್ವಣ್ಣ, ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಅಡಿಗೆಮನೆಯ ಯಜಮಾನಿಕೆ ನೋಡಿಕೊಳ್ಳುತ್ತಾರೆ. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಬಟ್ಟಲು ತೊಳೆಯುವುದರಿಂದ ಶುರುಮಾಡಿ, ದೋಸೆಯ ಕಾವಲಿ ದಾಟಿ ಅಲ್ಲಿಗೆ ಮುಟ್ಟಿದವರು. ಆ ದಾರಿಯಲ್ಲಿ ಬಲಗೈ ತೋರುಬೆರಳಿನ ತುದಿಯನ್ನು ರುಬ್ಬುವ ಕಲ್ಲಿಗೆ ಕೊಟ್ಟಿದ್ದಾರೆ. ಮದುವೆಗೆ ಹುಡುಗಿ ನೋಡಲು ಬಂದ ದಿನ ಆ ಬೆರಳನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ಕೂತಿದ್ದರು. ಕಾಫಿ ಲೋಟ ತೆಗೆದುಕೊಳ್ಳಲು ಎಡಗೈ ಚಾಚಿದಾಗ ನನ್ನ ಅಜ್ಜಿ, “ಬಲಗೈಗೆ ಎಂತ ಆಗಿದೆ?” ಎಂದು ಕೇಳಿಯೇ ಬಿಟ್ಟಿದ್ದಳು. ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ಈಗ ವಡಾಲಾದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ.

ಸಕ್ಕರೆ ಕಾಯಿಲೆ ಅವರಿಗೆ ಹಳೆಯ ಸಂಗಾತಿ. ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿದ್ದು ನಮಗಿಬ್ಬರಿಗೂ ಗೊತ್ತಿತ್ತು; ಗೊತ್ತಿರುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಆ ವರ್ಷ ಜುಲೈಯಲ್ಲಿ ಗ್ರಾಂಟ್ ರೋಡಿನ ಗಟಾರ ಉಕ್ಕಿ ಅಡಿಗೆಮನೆಗೆ ನೀರು ನುಗ್ಗಿತು. ಹೋಟೆಲು ಮುಚ್ಚಲಿಲ್ಲ. ಮಳೆಯಲ್ಲಿ ಸಿಕ್ಕಿಬಿದ್ದ ಜನ ಒಳಗೆ ಬಂದು ಕೂತು ಇಡ್ಲಿ, ಚಾ ಕೇಳುತ್ತಿದ್ದರು. ಅಡಿಗೆಮನೆಯವರೆಲ್ಲ ಕಣಕಾಲುದ್ದದ ನೀರಿನಲ್ಲಿ ನಿಂತು ಬೇಯಿಸಿದರು. ಇವರು ರಾತ್ರಿ ಮನೆಗೆ ಬಂದು ಕುರ್ಚಿಯಲ್ಲಿ ಕೂತು ಕಾಲು ಮೇಲಕ್ಕೆ ಇಟ್ಟಾಗ ಬಲ ಪಾದದ ಅಡಿಯಲ್ಲಿ, ಕಿರುಬೆರಳ ಬುಡದಲ್ಲಿ, ಗಾಜಿನ ಚೂರು ಹೊಳೆಯುತ್ತಿತ್ತು. ಯಾವಾಗ ಹೊಕ್ಕಿತೋ ಅವರಿಗೆ ಗೊತ್ತಿಲ್ಲ. ನಾನು ಕೂಗಿದಾಗ ಬಗ್ಗಿ ನೋಡಿದರು, ಬೇರೆ ಯಾರದ್ದೋ ಕಾಲನ್ನು ನೋಡಿದ ಹಾಗೆ.

ಚೆಂಬೂರಿನಲ್ಲಿ ನಮ್ಮ ಬಿಲ್ಡಿಂಗಿನಿಂದ ರಿಕ್ಷಾದಲ್ಲಿ ಹೋಗುವಷ್ಟು ದೂರದಲ್ಲಿ ಒಂದು ಟ್ರಸ್ಟ್ ಆಸ್ಪತ್ರೆ ಇದೆ. ಅಲ್ಲಿ ಗಾಯಗಳಿಗೆಂದೇ ಬೇರೆ ವಿಭಾಗ. ವಿಭಾಗದ ಡಾಕ್ಟರ್ ಕುಲಕರ್ಣಿ ಮರಾಠಿಯವರು, ಮಾತು ಕಡಿಮೆ. ಮಾತನ್ನೆಲ್ಲ ಹಿರಿಯ ಸಿಸ್ಟರ್ ಶಾಹೀನಳಿಗೆ ಬಿಟ್ಟುಕೊಟ್ಟಿದ್ದರೋ ಏನೋ. ಶಾಹೀನಳ ತಂದೆ ವಿಜಯಪುರದಿಂದ ಬಂದು ಇಲ್ಲಿ ಟೇಲರ್ ಆಗಿದ್ದವರು. ಮನೆಯಲ್ಲಿ ದಖನಿ ಉರ್ದು, ವಾರ್ಡಿನಲ್ಲಿ ಹಿಂದಿ ಮರಾಠಿ, ನಮ್ಮ ಹೆಸರು ಕೇಳಿದ ಕೂಡಲೇ ಕನ್ನಡ. ಮೊದಲ ದಿನವೇ ಇವರ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, “ಅಣ್ಣಾರ, ಇದು ಕಾಲೋ, ಹೋಟೆಲಿನ ಬಾಗಲಾನ ಚಾಪಿಯೋ?” ಎಂದಿದ್ದಳು. ಇವರಿಗೆ ಅವಮಾನವಾಗಿ, ಆಮೇಲೆ ನಗು ಬಂತು.

ಪ್ರತಿ ಸಲ ಕಟ್ಟು ಬಿಚ್ಚುವ ಮೊದಲು ಅವಳದ್ದು ಒಂದೇ ಪ್ರಶ್ನೆ: ಮನೆಯಲ್ಲಿ ಬೇರೆ ಔಷಧ ಏನಾದರೂ ಹಚ್ಚಿದ್ದೀರಾ? ಪ್ರತಿ ಸಲ ಇವರದ್ದೂ ಒಂದೇ ಉತ್ತರ: ಇಲ್ಲ. ಅದು ಸುಳ್ಳಾಗಿರಲಿಲ್ಲ. ಇವತ್ತಿಗೂ ನಾನು ಅದನ್ನು ಸುಳ್ಳೆನ್ನುವುದಿಲ್ಲ.

ಗಾಯ ಮುಚ್ಚಲಿಲ್ಲ. ಡಾಕ್ಟರು ನಿಲ್ಲಬೇಡಿ ಎಂದರು, ಇವರು ಹೋಟೆಲಿಗೆ ಹೋಗಿ ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು, ಎಣ್ಣೆ ಡಬ್ಬದ ಮೇಲೆ ಕಾಲಿಟ್ಟುಕೊಂಡು ಕೆಲಸ ಮಾಡಿಸುತ್ತಿದ್ದರು. ಮಾತ್ರೆ ಬದಲಾಯಿತು. ಆಗಸ್ಟಿನ ಮಧ್ಯದಲ್ಲಿ ಪಾದದ ಮೇಲ್ಭಾಗ ಊದಿಕೊಂಡಿತು. ಒಂದು ಬೆಳಿಗ್ಗೆ ಜ್ವರ ಏರಿ ಹಲ್ಲು ಕಟಕಟಿಸಿತು. ಹೊರಗೆ ಹಿಂದಿನ ಸಂಜೆಯಿಂದ ಬಿಡದ ಮಳೆ. ಪಕ್ಕದ ಮನೆಯವರ ಸಹಾಯದಿಂದ ರಿಕ್ಷಾಕ್ಕೆ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಆ ವರ್ಷ ವಿಭಾಗಕ್ಕೆ ಹೊಸದೊಂದು ಕ್ಯಾಮೆರಾ ಪರೀಕ್ಷೆಗೆಂದು ಬಂದಿತ್ತು. ಪವಾಯಿ ಕಡೆಯ ಕೆಲವು ಎಂಜಿನಿಯರುಗಳು ಸೇರಿ ಮಾಡಿದ್ದು. ನೋಡಲಿಕ್ಕೆ ದಪ್ಪ ಟಿಫಿನ್ ಡಬ್ಬಿಯ ಹಾಗೆ. ಮುಂದುಗಡೆ ನೇರಳೆ ದೀಪ, ಹಿಂದುಗಡೆ ಪುಟ್ಟ ಪರದೆ. ಆ ಬೆಳಕನ್ನು ಗಾಯದ ಮೇಲೆ ಬಿಟ್ಟರೆ ಮೈಯ ಮಾಂಸ, ಚರ್ಮ ಪರದೆಯಲ್ಲಿ ಮಂಕು ಹಸಿರಾಗಿ ಕಾಣುತ್ತದೆ. ಬ್ಯಾಕ್ಟೀರಿಯಾ ಗುಂಪುಗಟ್ಟಿದ್ದಲ್ಲಿ ಅವು ತಾವೇ ತಯಾರಿಸಿಕೊಂಡ ವಸ್ತು ಆ ಬೆಳಕನ್ನು ಕುಡಿದು ಕೆಂಪಾಗಿ ಹೊಳೆಯುತ್ತದೆ. ಇನ್ನೊಂದು ಜಾತಿಯದ್ದು, ಬೇಗ ಹಬ್ಬುವಂಥದ್ದು, ಹಸಿರು ನೀಲಿ ಬೆರೆತ ಬಿಳುಪಿನಲ್ಲಿ ಹೊಳೆಯುತ್ತದೆ. ಯಾವ ಬಣ್ಣವನ್ನೂ ಹಚ್ಚಬೇಕಿಲ್ಲ, ಸೂಜಿ ಬೇಡ. ಕೋಣೆ ಕತ್ತಲಾಗಿರಬೇಕು, ಅಷ್ಟೆ. ಬರಿಗಣ್ಣಿಗೆ ಶುಭ್ರವಾಗಿ ಕಾಣುವ ಗಾಯದ ಅಂಚಿನಲ್ಲಿ ಅಡಗಿದ್ದನ್ನು ಅದು ತೋರಿಸಿಕೊಡುತ್ತದೆ. ಯಾವ ಕ್ರಿಮಿ ಎಂದು ಅದು ತೀರ್ಪು ಕೊಡುವುದಿಲ್ಲ, ಎಲ್ಲಿ ಹುಡುಕಬೇಕು ಎನ್ನುತ್ತದೆ ಎಂದು ಡಾಕ್ಟರು ನನಗೆ ಹಿಂದಿಯಲ್ಲಿ ಬಿಡಿಸಿ ಹೇಳಿದ್ದರು.

ಶಾಹೀನ ಗಾಯವನ್ನು ಸಲೈನಿನಿಂದ ತೊಳೆದಳು. ಕಿಟಕಿಗೆ ಕಪ್ಪು ಬಟ್ಟೆ ಎಳೆದು ದೀಪ ಆರಿಸಿದಳು. ಕತ್ತಲಲ್ಲಿ ಮಳೆಯ ಸದ್ದು ಒಮ್ಮೆಲೇ ಹತ್ತಿರವಾಯಿತು. ಡಾಕ್ಟರು ಕ್ಯಾಮೆರಾ ಹಿಡಿದರು.

ಪರದೆಯ ಮೇಲೆ ನನ್ನ ಗಂಡನ ಪಾದ ಉರಿಯುತ್ತಿತ್ತು.

ಬೇರೆ ಮಾತು ಸಿಗುವುದಿಲ್ಲ. ಗಾಯದಿಂದ ಕಣಕಾಲಿನವರೆಗೆ, ಅದರ ಮೇಲೂ ಸ್ವಲ್ಪ, ಹಸಿರು ಬಿಳುಪಿನ ಒಂದು ಪ್ರಖರ ಹೊಳಪು. ಕೆಂಪು ಎಲ್ಲೂ ಇಲ್ಲ, ಬರೀ ಆ ಹೊಳಪು. ಡಾಕ್ಟರು ಕ್ಯಾಮೆರಾವನ್ನು ಇನ್ನಷ್ಟು ಮೇಲಕ್ಕೆ ಸರಿಸಿದರು. ಶಾಹೀನ ತಮಾಷೆ ಮಾಡದೆ ಪರದೆಯತ್ತ ಬಗ್ಗಿದಳು, ಅದು ನನ್ನನ್ನು ಹೆಚ್ಚು ಹೆದರಿಸಿತು. ಇವರು ಮಲಗಿದ್ದಲ್ಲಿಂದ, “ಎಂತ, ದೀಪಾವಳಿಯಾ?” ಎಂದು ಕೇಳಿದರು.

ದೀಪ ಹಾಕಿದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು ಮಾತಾಡಿದರು. ಚಿತ್ರವೊಂದನ್ನೇ ನಂಬಿ ಏನೂ ಮಾಡುವುದಿಲ್ಲ. ಆದರೆ ಜ್ವರ ಇದೆ, ಊತ ಇದೆ, ಸಕ್ಕರೆ ಬಹಳ ಏರಿದೆ. ಸೋಂಕು ನಿಜವಾಗಿ ಅಷ್ಟು ದೂರ ಹಬ್ಬಿದ್ದರೆ ಕಾಯಲು ಸಮಯವಿಲ್ಲ. ಸರ್ಜನ್ ಬಂದು ನೋಡಬೇಕು. ಸರ್ಜನ್ ಸಾಯನ್ನಿನಲ್ಲಿ ನೀರಿನ ನಡುವೆ ಕಾರಿನಲ್ಲಿ ಸಿಕ್ಕಿಕೊಂಡಿದ್ದರು. ಡಾಕ್ಟರು ಚಿತ್ರವನ್ನು ಅವರ ಫೋನಿಗೆ ಕಳಿಸಿದರು, ಮಾತಾಡಿದರು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಡಾಕ್ಟರ ಕೈ ಮಾತ್ರ ಕಂಡಿತು. ಅವರು ಗೊತ್ತಿಲ್ಲದೆ ತಮ್ಮದೇ ಮೊಣಕಾಲಿನ ಕೆಳಗೆ ಅಂಗೈ ಅಡ್ಡ ಇಟ್ಟುಕೊಂಡಿದ್ದರು. ಅಲ್ಲಿಂದ ಕೆಳಗೆ.

ಇವರಿಗೆ ಏನೂ ತಿನ್ನಲು ಕೊಡಬೇಡಿ, ಥಿಯೇಟರ್ ಸಿದ್ಧ ಮಾಡಿಸುತ್ತೇವೆ, ಸರ್ಜನ್ ಬಂದು ಕಣ್ಣಾರೆ ನೋಡಿದ ಮೇಲೆ ನಿರ್ಧಾರ ಎಂದರು. ನಾನು ಒಳಗೆ ಹೋಗಿ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಇವರು ಛಾವಣಿ ನೋಡುತ್ತ, “ಹೋಟೆಲಿನವನಿಗೆ ಉಪವಾಸವಾ” ಎಂದು ನಗಲು ಹೋಗಿ, ನಗು ಅರ್ಧಕ್ಕೆ ನಿಂತಿತು. ಆಮೇಲೆ, “ಒಂದು ಕಾಲಲ್ಲಿ ಅಡಿಗೆಮನೆಯಲ್ಲಿ ನಿಲ್ಲಲಿಕ್ಕೆ ಆಗ್ತದಾ ಸುಮತಿ?” ಎಂದರು. ಅವರ ಜೀವನವೆಲ್ಲ ನಿಂತದ್ದೇ. ಕೂತು ಮಾಡುವ ಯಾವ ಕೆಲಸವೂ ಅವರಿಗೆ ಗೊತ್ತಿರಲಿಲ್ಲ.

ಡಾಕ್ಟರ ಬಳಿ ಆ ಚಿತ್ರವನ್ನು ನನ್ನ ಫೋನಿಗೂ ಕಳಿಸಲು ಕೇಳಿದೆ. ಯಾಕೆ ಕೇಳಿದೆನೋ. ಊರಿನಲ್ಲಿ ಇವರ ಅಣ್ಣನಿಗೆ ತೋರಿಸಲು ಎಂದು ಹೇಳಿದ ನೆನಪು. ಕಾರಿಡಾರಿನ ಬೆಂಚಿನಲ್ಲಿ ಕೂತು ನೋಡಿದೆ, ದೊಡ್ಡದು ಮಾಡಿ ನೋಡಿದೆ, ಮತ್ತೆ ನೋಡಿದೆ. ಆ ಹೊಳಪನ್ನು ನಾನು ದ್ವೇಷಿಸುತ್ತಿದ್ದೆ. ದ್ವೇಷದಿಂದಲೇ ಅದರ ಅಂಚನ್ನು ಹಿಂಬಾಲಿಸಿದೆ. ಕಣಕಾಲಿನ ಮೇಲೆ ಅದು ಹರಿದು ಹಬ್ಬಿರಲಿಲ್ಲ. ಪಟ್ಟೆಪಟ್ಟೆಯಾಗಿತ್ತು. ನಾಲ್ಕು ಪಟ್ಟೆ, ಪಕ್ಕಪಕ್ಕದಲ್ಲಿ, ಮೇಲಕ್ಕೆ ಎಳೆದ ಹಾಗೆ. ಮೂರು ಉದ್ದ. ಕೊನೆಯದ್ದು ಮೊಂಡು.

ಇಷ್ಟು ವರ್ಷ ನನ್ನ ತಟ್ಟೆಗೆ ಬಡಿಸಿದ, ಜ್ವರದಲ್ಲಿ ನನ್ನ ಹಣೆ ಮುಟ್ಟಿದ ಕೈ ಅದು. ಕತ್ತಲಲ್ಲಿ ಮುಟ್ಟಿದರೂ ನಾನು ಗುರುತು ಹಿಡಿಯುತ್ತೇನೆ.

ಓಡಿಹೋಗಿ ಇವರನ್ನು ಕೇಳಿದೆ. ಶಾಹೀನ ಡ್ರಿಪ್ ಸರಿಮಾಡುತ್ತಿದ್ದಳು. “ಕಾಲಿಗೆ ನೀವು ಎಂತ ಹಚ್ಚಿದ್ದು?”

“ಔಷಧ ಎಂತದ್ದೂ ಹಚ್ಚಲಿಲ್ಲ ಅಂತ ಹೇಳಿದೆನಲ್ಲ.”

“ಔಷಧ ಬೇಡ ಮಾರಾಯ್ರೇ. ಕೈಯಿಂದ ಎಂತ ಹಚ್ಚಿದ್ದು?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಅರಸಿನ,” ಎಂದರು. “ತೆಂಗಿನೆಣ್ಣೆಯಲ್ಲಿ ಕಲಸಿ. ಅರಸಿನ ಔಷಧವಾ?”

ಹೋಟೆಲಿನ ಅಡಿಗೆಮನೆಯನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಚೂರಿ ತಾಗಿದರೆ, ಕಾವಲಿ ಸುಟ್ಟರೆ ಯಾರೂ ಔಷಧ ಹುಡುಕುವುದಿಲ್ಲ. ಸಾಂಬಾರಿನ ಒಲೆಯ ಪಕ್ಕದಲ್ಲಿ ಅರಸಿನದ ಡಬ್ಬಿ ಇರುತ್ತದೆ. ಬೆರಳನ್ನು ಅದಕ್ಕೆ ಅದ್ದಿ, ಬಟ್ಟೆ ಸುತ್ತಿ, ಮುಂದಿನ ದೋಸೆ ಹುಯ್ಯುತ್ತಾರೆ. ಬೆರಳಿನ ತುದಿ ಹೋದ ದಿನವೂ ಇವರಿಗೆ ಮೊದಲು ಸಿಕ್ಕಿದ್ದು ಅದೇ ಡಬ್ಬಿ. ಔಷಧವೆಂದರೆ ಅಂಗಡಿಯಿಂದ ತಂದದ್ದು, ಟ್ಯೂಬಿನಲ್ಲಿ ಬಂದದ್ದು. ಅರಸಿನವೆಂದರೆ ಉಪ್ಪಿನ ಹಾಗೆ, ನೀರಿನ ಹಾಗೆ. ದಿನವೂ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಕಟ್ಟಿನ ಅಂಚು ಸಡಿಲಿಸಿ ಬೆರಳು ಒಳಗೆ ತೂರಿಸಿ ಹಚ್ಚಿದ್ದರು. ಊತ ಮೇಲೇರಿದಂತೆ ಹಚ್ಚುವುದೂ ಮೇಲೇರಿತ್ತು. ಆಮೇಲೆ ಒರೆಸಿಕೊಳ್ಳುತ್ತಿದ್ದರು. ಉಳಿದ ಬಣ್ಣ ಅಯೋಡಿನ್ನಿನ ಕಂದಿನಡಿಯಲ್ಲಿ ಯಾರಿಗೂ ಕಂಡಿರಲಿಲ್ಲ.

ಅರಸಿನ ಆ ಬೆಳಕಿನಲ್ಲಿ ಹೊಳೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಆದರೆ ಸೋಪು ತಾಗಿದರೆ ಅದು ಕೆಂಪಾಗುತ್ತದೆಂದು ಪ್ರತಿವರ್ಷ ಮಕ್ಕಳಿಗೆ ಮಾಡಿ ತೋರಿಸುತ್ತೇನೆ. ಕೈತೊಳೆಯುವ ಬೇಸಿನ್ನಿನಿಂದ ಸೋಪು ತಂದು, ಗಾಯದಿಂದ ದೂರ, ಕಣಕಾಲಿನ ಮೇಲೆ ಒದ್ದೆ ಗಾಜ್ ಬಟ್ಟೆಯಿಂದ ಉಜ್ಜಬಹುದೇ ಎಂದು ಶಾಹೀನಳನ್ನು ಕೇಳಿದೆ. ಅವಳು ನನ್ನ ಕೈಯಿಂದ ಸೋಪು ಕಸಿದುಕೊಂಡು ತಾನೇ ಉಜ್ಜಿದಳು. ಬಿಳಿ ಬಟ್ಟೆ ಕುಂಕುಮದ ನೀರು ಬಿದ್ದ ಹಾಗೆ ಕೆಂಪಾಯಿತು.

ಅವಳು ಅದನ್ನು ಇವರ ಮುಖದ ಮುಂದೆ ಹಿಡಿದಳು. “ಅಣ್ಣಾರ, ಕಾಲಿಗಿ ಎಣ್ಣಿ ಆತು, ಅರಿಶಿಣ ಆತು. ಇನ್ನ ಸಾಸಿವಿ, ಕರಿಬೇವು ಅಷ್ಟ ಬಾಕಿ ನೋಡ್ರಿ.” ಅಷ್ಟು ಹೇಳಿ ಡಾಕ್ಟರನ್ನು ಕರೆಯಲು ಹೋದವಳ ನಡಿಗೆ ಓಟವಾಗಿತ್ತು.

ಮುಂದಿನ ಹೊತ್ತು ನನ್ನ ತಲೆಯಲ್ಲಿ ಈಗಲೂ ನಿಧಾನವಾಗಿ ನಡೆಯುತ್ತದೆ. ಇಬ್ಬರೂ ಕೂತು ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಿ ಒರೆಸಿ ತೆಗೆದರು. ಗಾಯದ ಒಳಗನ್ನು ಡಾಕ್ಟರು ಬೇರೆಯಾಗಿ ಶುಚಿ ಮಾಡಿ, ಸತ್ತ ಚರ್ಮ ಕೆರೆದರು. ರಕ್ತ ನಿಲ್ಲುವವರೆಗೆ ಕಾದರು. ಮತ್ತೆ ಕಪ್ಪು ಬಟ್ಟೆ, ಮತ್ತೆ ಕತ್ತಲೆ, ಮತ್ತೆ ನೇರಳೆ ಬೆಳಕು. ಈ ಸಲ ಕಣಕಾಲು ಮಂಕು ಹಸಿರು. ಪಾದದ ಮೇಲ್ಭಾಗ ಹಸಿರು. ಕೊನೆಯ ಎರಡು ಬೆರಳುಗಳ ನಡುವೆ, ದಪ್ಪ ಚರ್ಮದ ಅಂಚಿನಡಿಯಲ್ಲಿ, ಕೆಂಡದ ಹಾಗೆ ಕೆಂಪು. ಮೊದಲ ಚಿತ್ರದ ಬೆಂಕಿಯೊಳಗೆ ಅದು ಮುಳುಗಿಹೋಗಿತ್ತು. ಕಾಲನ್ನು ತಿನ್ನುತ್ತಿದ್ದದ್ದು ಅದು, ಅಷ್ಟೇ ಜಾಗದಲ್ಲಿ. ಮೇಲಿನ ಊತ ಅದರದ್ದೇ ಉಪಟಳ ಎಂದರು ಡಾಕ್ಟರು. ಮಾಂಸದ ಚೂರನ್ನು ಅಲ್ಲಿಂದಲೇ ತೆಗೆದು ಲ್ಯಾಬಿಗೆ ಕಳಿಸಿದರು. ಮಧ್ಯಾಹ್ನ ಕಳೆದು, ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿ ಬಂದ ಸರ್ಜನ್ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು, ಕಾಲನ್ನು ಒತ್ತಿ ಒತ್ತಿ ನೋಡಿದರು. ಎರಡು ಬೆರಳು ಹೋಗುತ್ತವೆ, ಕಾಲು ಉಳಿಯುತ್ತದೆ ಎಂದರು.

ಆ ದಿನ ಸಾಯನ್ನಿನಲ್ಲಿ ನೀರು ನಿಲ್ಲದೆ ಹೋಗಿದ್ದರೆ? ಸರ್ಜನ್ ಕಣ್ಣಾರೆ ನೋಡದೆ ಕತ್ತರಿಸುವವರಲ್ಲ, ಖಂಡಿತ ತಾವೇ ತಡೆಯುತ್ತಿದ್ದರು ಎಂದು ಡಾಕ್ಟರು ಆಮೇಲೆ ನನಗೆ ಸಮಾಧಾನ ಹೇಳಿದ್ದಾರೆ. ನಂಬುತ್ತೇನೆ. ಆದರೂ ಕನಸಿನಲ್ಲಿ ಸರ್ಜನ್ ಒಣಗಿದ ಪ್ಯಾಂಟಿನಲ್ಲಿ, ಹೇಳಿದ ಹೊತ್ತಿಗೆ ಸರಿಯಾಗಿ ಬಂದುಬಿಡುತ್ತಾರೆ. ನಾನು ಎದ್ದು ಕೂತು ಪಕ್ಕದ ಹೊದಿಕೆಯ ತುದಿಯನ್ನು ಮುಟ್ಟಿ ನೋಡುತ್ತೇನೆ. ಅಲ್ಲಿ ಎರಡು ಉಬ್ಬುಗಳಿರಬೇಕು. ಇರುತ್ತವೆ.

ಲ್ಯಾಬಿನ ಉತ್ತರ ಬಂದು ಸರಿಯಾದ ಔಷಧ ಶುರುವಾಯಿತು. ಗಣಪತಿ ಬಂದು ಹೋದ. ನಮ್ಮ ಕಾಲನಿಯ ಪೆಂಡಾಲಿನ ಹಾಡು ಆಸ್ಪತ್ರೆಯ ಕಿಟಕಿಗೂ ಕೇಳುತ್ತಿತ್ತು. ವಾರಕ್ಕೊಮ್ಮೆ ಕತ್ತಲ ಕೋಣೆಯಲ್ಲಿ ಚಿತ್ರ. ಕೆಂಪು ಕಡಿಮೆಯಾಗುತ್ತ ಬಂತು, ಒಂದು ವಾರ ಮತ್ತೆ ಅಂಚಿನಲ್ಲಿ ಇಣುಕಿತು, ಕೆರೆದರು, ಹೋಯಿತು. ಇವರು ಈಗ ತಲೆಯೆತ್ತಿ ಪರದೆ ನೋಡದೆ ಬಿಡುತ್ತಿರಲಿಲ್ಲ. ದಸರೆಯ ಹೊತ್ತಿಗೆ ಒಂದು ದಿನ ಪರದೆಯ ತುಂಬ ಹಸಿರೇ ಇತ್ತು. ಅವರು ಅದನ್ನು ಬಹಳ ಹೊತ್ತು ನೋಡಿ, “ಇಷ್ಟು ಚಂದದ ಹಸಿರು ನಾನು ಊರಲ್ಲೂ ನೋಡಲಿಲ್ಲ,” ಎಂದರು. ಶಾಹೀನ ಕತ್ತಲಲ್ಲೇ ಮೂಗು ಎಳೆದುಕೊಂಡದ್ದು ನನಗೆ ಕೇಳಿಸಿತು.

ಮುಂದೆ ನಡೆದದ್ದು ನನಗೆ ಹೆಮ್ಮೆಯ ವಿಷಯ, ಹಾಗಾಗಿ ನಾಚಿಕೆ ಬಿಟ್ಟು ಬರೆಯುತ್ತೇನೆ. ಡಾಕ್ಟರು ಆ ಎರಡು ಚಿತ್ರಗಳನ್ನು ತಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಇವರ ಒಪ್ಪಿಗೆ ಕೇಳಿದರು, ಹೆಸರು ಹೇಳುವುದಿಲ್ಲ ಎಂದರು. ಇವರು, ಹೆಸರೂ ಹೇಳಿ, ನಾನೇ ಬಂದು ಹೇಳುತ್ತೇನೆ ಎಂದರು. ಒಂದು ಕಾಲದಲ್ಲಿ ಮೊಂಡು ಬೆರಳನ್ನು ಕಿಸೆಯಲ್ಲಿ ಮುಚ್ಚಿಟ್ಟುಕೊಂಡ ಮನುಷ್ಯ, ಬಿಳಿ ಕೋಟಿನ ಹುಡುಗ ಹುಡುಗಿಯರ ಮುಂದೆ ಕಾಲನ್ನು ಮೇಜಿನ ಮೇಲಿಟ್ಟು, ತಮ್ಮ ಹೋಟೆಲ್ ಹಿಂದಿಯಲ್ಲಿ ಅರಸಿನದ ಕಥೆ ಹೇಳಿದರು. ಔಷಧ ಹಚ್ಚಿದ್ದೀರಾ ಎಂದು ಕೇಳಬೇಡಿ, ನಮ್ಮಂಥವರು ಇಲ್ಲವೆಂದೇ ಹೇಳುತ್ತೇವೆ. ಏನು ಹಚ್ಚಿದ್ದೀರಿ ಎಂದು ಕೇಳಿ ಎಂದರು. ಶಾಹೀನ ಈಗ ಹಾಗೆಯೇ ಕೇಳುತ್ತಾಳೆ. ಅರಸಿನ, ಸುಣ್ಣ, ಕಾಫಿ ಪುಡಿ, ಹಲ್ಲಿನ ಪೇಸ್ಟು, ಒಂದೊಂದಾಗಿ ಹೊರಗೆ ಬರುತ್ತವಂತೆ.

ಹೋಟೆಲಿನಲ್ಲೂ ಒಂದು ಪದ್ಧತಿ ಶುರುವಾಗಿದೆ. ಸೋಮವಾರ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಅಡಿಗೆಮನೆಯವರೆಲ್ಲ ಕ್ರೇಟಿನ ಮೇಲೆ ಕೂತು ಪಾದದ ಅಡಿ ತೋರಿಸಬೇಕು. ವಿಶ್ವಣ್ಣ ಟಾರ್ಚು ಬಿಟ್ಟು ನೋಡುತ್ತಾರೆ. ಮೊದಮೊದಲು ಗೇಲಿ ಇತ್ತು. ದೋಸೆ ಹುಯ್ಯುವ ಸುಧಾಕರ, “ನಮ್ಮ ಕಾಲಿಗೆ ನಮಸ್ಕಾರ ಮಾಡ್ಲಿಕ್ಕೆ ಉಂಟಾ ವಿಶ್ವಣ್ಣ?” ಎಂದು ಕೇಳಿದ್ದನಂತೆ. ಇವರು ತಮ್ಮ ಚಪ್ಪಲಿ ಕಳಚಿ, ಬೆರಳಿಲ್ಲದ ಜಾಗ ತೋರಿಸಿದರಂತೆ. ಆಮೇಲೆ ಸುಧಾಕರನೇ ಮೊದಲು ಕಾಲು ಚಾಚಿದನಂತೆ.

ಅವರು ಕೆಲಸಕ್ಕೆ ಮರಳಿದ ಮೊದಲ ದಿನ ಸಂಜೆ ನಾನು ಕರೆದುಕೊಂಡು ಬರಲು ಗ್ರಾಂಟ್ ರೋಡಿಗೆ ಹೋಗಿದ್ದೆ. ಬೇಡವೆಂದಿದ್ದರು, ಹೋದೆ. ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತುವಾಗ ಆಫೀಸು ಬಿಟ್ಟ ಜನಸಾಗರ. ಅವರು ನನ್ನ ಕೈ ಹಿಡಿಯಲಿಲ್ಲ. ಆಸ್ಪತ್ರೆಯಲ್ಲಿ ಅಳತೆ ಕೊಟ್ಟು ಮಾಡಿಸಿದ ಹೊಸ ಬೂಟಿನಲ್ಲಿ ಒಂದೊಂದೇ ಮೆಟ್ಟಿಲು, ಬಲಗಾಲು ಊರಿ, ನಿಂತು, ಎಡಗಾಲು ಎತ್ತಿ. ನಾನು ಒಂದು ಮೆಟ್ಟಿಲು ಹಿಂದೆ, ಬಿದ್ದರೆ ಹಿಡಿಯಲು ಎರಡೂ ಕೈ ಖಾಲಿ ಇಟ್ಟುಕೊಂಡು. ನನ್ನ ಹಿಂದಿನಿಂದ ಯಾರೋ ಹುಡುಗ, “ಅರೆ ಚಾಚಾ, ಜರಾ ಜಲ್ದಿ,” ಎಂದು ಗದರಿದ. ಬಲವಾದ ಅಭ್ಯಾಸದಿಂದ ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

ಅವರು ನಿಂತರು. ಅಷ್ಟು ಜನರ ನಡುವೆ ಕಂಬಿಯನ್ನೂ ಹಿಡಿಯದೆ, ಬಲಗಾಲಿನ ಮೇಲೆ ಭಾರ ಬಿಟ್ಟು, ಅರ್ಧ ತಿರುಗಿದರು.

“ಪಾಂವ್ ಅಪ್ನಾ ಹೈ ಭಾಯ್,” ಎಂದರು, ಸ್ವಲ್ಪವೂ ಸಿಟ್ಟಿಲ್ಲದೆ. “ಆರಾಮ್ ಸೆ ಚಲೇಗಾ.”

ತಮ್ಮದೇ ಕಾಲು. ನಿಧಾನವಾಗಿಯೇ ನಡೆಯುತ್ತದೆ. ಆಮೇಲೆ ತಿರುಗಿ ಮುಂದಿನ ಮೆಟ್ಟಿಲಿಗೆ ಆ ಕಾಲನ್ನು ಊರಿದರು. ಚರ್ಚ್‌ಗೇಟಿನ ಗಾಡಿ ಬಂತು, ಹೋಯಿತು. ನಮ್ಮ ಹಿಂದಿದ್ದವರೆಲ್ಲ ಆ ಸಂಜೆ ನನ್ನ ಗಂಡನ ಕಾಲಿನ ವೇಗದಲ್ಲೇ ಸೇತುವೆ ಹತ್ತಬೇಕಾಯಿತು.